ಶೌಚಾಲಯಕ್ಕೆ ಸಿಹಿನೀರು ಕರುಣಿಸಿದ ಇಂಜಿನಿಯರರಿಗೆ

ಮಾನ್ಯ ಉಮಾಪತಿಯವರೇ,

ತಮ್ಮ ಪೆನ್ಸಿಲ್ಲು ಸದಾ ಚೂಪಾಗಿರಲೆಂದು ಹಾರೈಸುತ್ತ, ಕುಷ್ಟಗಿಯ ನಮ್ಮ ಕಾಲೇಜಿನ ಅಧ್ಯಾಪಕಿ ನಿಶಾತ ಮಾಡುವ ಸವಿನಯ ವಂದನೆಗಳು. ನಮ್ಮ ಹೊಸ ಕಟ್ಟಡಕ್ಕೆ ನೀರು ಬರುವ ಮತ್ತು ಬಳಸಿದ ನೀರು ಹೋಗುವ ಪೈಪುಗಳ ನಕ್ಷೆಯನ್ನು ತಾವೇ ಬರೆದುಕೊಟ್ಟಿರಿ. ಹೋಗುವ ನೀರಿನ ಬಗ್ಗೆ ತಕರಾರಿಲ್ಲ; ಅದು ಹೋಗುತ್ತಿದೆ. ಬರುವ ನೀರಿನ ಬಗ್ಗೆ ಮಾತ್ರ ಒಂದು ಅರಿಕೆ.

ಕುಡಿಯುವ ನಳದಲ್ಲಿ ಮೊದಲಿನಿಂದಲೂ ಬೋರಿನ ಉಪ್ಪುಪ್ಪು ಸವಳು ನೀರೇ ಬರುತ್ತಿತ್ತು. ನೀರು ಸೋಸುವ ಫಿಲ್ಟರ್ ಯಂತ್ರ ಕೆಟ್ಟಿದೆಯೆಂದು ನಾವು ಅದನ್ನೇ ಬೈದೆವು. ಒಂದು ದಿನ ಆ ನಳ ನಿಂತಾಗ ಕ್ಯಾಂಟೀನಿನ ತಾಹೇರ ಎಲ್ಲಿಂದಲೋ ನೀರು ತಂದು ಚಹಾ ಕಾಸಿದ. ಪ್ರಾಚಾರ್ಯ ರುದ್ರೇಶ ಸರ್ ಎರಡನೆಯ ಕಪ್ ಹಿಡಿದು, "ಇವತ್ತು ಚಾ ಭಾಳ ಛಲೋ ಆಗೇತಿ. ನೀರು ಎಲ್ಲೀದಪಾ?" ಎಂದರು.

"ಸಂಡಾಸದ್ದ್ರಿ ಸರ್, ಫ್ಲಶ್ಶಿಗೆ ಹೋಗೋ ಪೈಪಿಂದು," ಎಂದ ತಾಹೇರ.

ಸರ್ ಬಾಯಲ್ಲಿದ್ದ ಚಹಾವನ್ನು ಏನು ಮಾಡಿದರೆಂದು, ಇದು ಬಹಿರಂಗ ಪತ್ರವಾದ್ದರಿಂದ, ಬರೆಯಲಾರೆ.

ಸೋಸಿದ ನೀರು ಶೌಚಾಲಯಕ್ಕೂ ಸವಳು ನೀರು ನಮಗೂ ಹಂಚಿಕೆಯಾಗಿದ್ದು ಹೀಗೆ ತಿಳಿಯಿತು. ತಾವು ಬಂದು, ನಕ್ಷೆ ಬಿಚ್ಚಿ, ಬಹಳ ಹೊತ್ತು ನೋಡಿ, "ನಕ್ಷಾ ಬರೋಬ್ಬರಿ ಐತ್ರಿ ಮೇಡಮ್, ಕಟ್ಟಡಾನ ತಿರುವಿ ಕಟ್ಯಾರ" ಎಂದಿರಿ. ಕಟ್ಟಡವೊಂದರ ಇಷ್ಟು ಉದ್ಧಟತನವನ್ನು ನಾವು ಕಂಡಿರಲಿಲ್ಲ.

ನಮ್ಮ ನಗು ನಿಂತದ್ದು ಶಿವಲೀಲಾ ಬಿದ್ದಾಗ. ಯಲಬುರ್ಗಾ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಈ ವಿದ್ಯಾರ್ಥಿನಿ, ಸವಳು ನೀರು ಒಲ್ಲದೆ, ಸಂಡಾಸದ ನೀರಿಗೆ ಹೇಸಿ, ಏನೂ ಕುಡಿಯದೆ ಕೂತಿದ್ದವಳು ತರಗತಿಯಲ್ಲೇ ಕುಸಿದಳು. ಅವಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂಡಿಸಿದೆ. ಅದೇ ಫ್ಲಶ್ ಪೈಪಿನ ನೀರನ್ನು ಲೋಟದಲ್ಲಿ ಹಿಡಿದು ತಂದು, ಎಲ್ಲರೆದುರು ಮೊದಲು ನಾನೇ ಕುಡಿದೆ.

"ಹೆಂಗೈತ್ರಿ ಮೇಡಮ್?" ಎಂದಳು.

"ಸಿಹಿ ಐತವಾ, ಕುಡಿ," ಎಂದೆ. ಕಣ್ಣು ಮುಚ್ಚಿಕೊಂಡು ಕುಡಿದಳು. ಕಣ್ಣು ತೆರೆದು ಇನ್ನೊಂದು ಲೋಟ ಕೇಳಿದಳು.

ಅಂದಿನಿಂದ ಹುಡುಗಿಯರೆಲ್ಲ ಬಾಟಲಿ ಹಿಡಿದು ಶೌಚಾಲಯದ ಮುಂದೆ ಪಾಳಿ ಹಚ್ಚಿ ಸಾಲಾಗಿ ನಿಲ್ಲುತ್ತಾರೆ. ನೋಡಲು ಬಂದ ಪಾಲಕರು ಕೈಮುಗಿಯಬೇಕೋ ಮೂಗು ಮುಚ್ಚಬೇಕೋ ತಿಳಿಯದೆ ನಿಲ್ಲುತ್ತಾರೆ.

ಆದ್ದರಿಂದ ಮಾನ್ಯರೇ, ಬೇಸಿಗೆಗೆ ಮುಂಚೆ ಎರಡು ಪೈಪುಗಳನ್ನು ಅದಲುಬದಲು ಮಾಡಿಸಿಕೊಡಿ. ಅದು ತಮ್ಮ ನಕ್ಷೆಗೆ ಅವಮಾನವೆನಿಸಿದರೆ ಕಟ್ಟಡವನ್ನೇ ಎತ್ತಿ ತಿರುಗಿಸಿ ಇಡಿ; ಭಾನುವಾರವಾದರೆ ಅನುಕೂಲ, ಪಾಠಗಳಿರುವುದಿಲ್ಲ.

ಬಾಯಾರಿದರೂ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ,
ನಿಶಾತ

ವಿ.ಸೂ.: ನಮ್ಮ ಗ್ರಂಥಾಲಯದ ಕಟ್ಟಡವೂ ತಮ್ಮ ಕೈಗೇ ಬಂದಿದೆಯೆಂದು ಕೇಳಿ ಸಂತೋಷವಾಯಿತು. ಅದರ ಕರೆಂಟಿನ ತಂತಿಗಳನ್ನು ಮಾತ್ರ ದಯವಿಟ್ಟು ಬೇರೆ ಯಾರಾದರೂ ಎಳೆಯಲಿ.