ಹದಿನೆಂಟು ಡಿಗ್ರಿಯ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಮೊದಲು ಯೋಗಕ್ಷೇಮ ವಿಚಾರಿಸುವುದು ಎ.ಸಿ.ಯದು. ಮನೆಯವರ ಸರದಿ ಆಮೇಲೆ. ಅದೂ ಎ.ಸಿ. ಆರೋಗ್ಯವಾಗಿದ್ದರೆ! ಬಾಗಿಲು ತೆಗೆದವರು "ಬನ್ನಿ ಬನ್ನಿ, ಊರಿಂದ ಯಾವಾಗ ಬಂದ್ರಿ?" ಎಂದು ಕೇಳುತ್ತಿದ್ದರೆ ಇವರು ಚಪ್ಪಲಿ ಬಿಡುವುದನ್ನೂ ಮರೆತು, ಕತ್ತು ಓರೆ ಮಾಡಿ, ಗೋಡೆಯ ಕಡೆ ಕಿವಿ ಕೊಟ್ಟು ನಿಂತಿರುತ್ತಾರೆ. "ಶ್! ಸ್ವಲ್ಪ ಸುಮ್ನಿರಿ. ಯಾಕೋ ಉಸಿರಾಟ ಸರಿಯಿಲ್ಲ" ಅನ್ನುತ್ತಾರೆ. ಮನೆಯಾಕೆ ಪಾಪ, ಗಾಬರಿಯಾಗಿ ತನ್ನ ಎದೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಾಳೆ.

ಒಮ್ಮೆ ಕುವೈತಿನ ರಿಗ್ಗೈಯಲ್ಲಿ ನಮಗೆ ಗೊತ್ತಿದ್ದವರೊಬ್ಬರು ತೀರಿಕೊಂಡರು. ಅವರ ಹೆಂಡತಿ ಮಕ್ಕಳನ್ನು ಮಾತಾಡಿಸಿಕೊಂಡು ಬರೋಣವೆಂದು ಹೋಗಿದ್ದೆವು. ಹಾಲಿನ ತುಂಬ ಜನ, ಬಿಕ್ಕುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿ ಕೂತಿದ್ದರು. ಪರವಾಗಿಲ್ಲ, ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಂಡೆ. ಎಲ್ಲಿಯ ದೇವರು! ಇದ್ದಕ್ಕಿದ್ದಂತೆ ಎದ್ದು, ಸ್ಟೂಲು ಎಳೆದು ಹತ್ತಿ, ಎ.ಸಿ.ಯ ಫಿಲ್ಟರ್ ಕಳಚಿ, "ನೋಡಿ, ಇದಕ್ಕೂ ಉಸಿರು ಕಟ್ಟಿದೆ" ಅಂದುಬಿಟ್ಟರು! ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ತಿಂಗಳಾದ ಮೇಲೆ ಆ ಹೆಂಗಸು ಸಿಕ್ಕಾಗ ಹೇಳಿದ್ದೇ ಬೇರೆ. "ಅವತ್ತು ಬಂದೋರೆಲ್ಲ ಏನಾದ್ರೂ ಬೇಕಾದ್ರೆ ಹೇಳಿ ಅಂದು ಹೋದ್ರು. ನಿಮ್ಮ ಚಿಕ್ಕಪ್ಪ ಮಾತ್ರ ಹೇಳೋವರೆಗೂ ಕಾಯಲಿಲ್ಲ. ಮೂರು ದಿನದಿಂದ ಕಣ್ಣು ಮುಚ್ಚದ ನನ್ನ ಮಕ್ಕಳು ಅವತ್ತು ನಿದ್ದೆ ಮಾಡಿದ್ವು."

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಹಾಸನದಿಂದ ಕುವೈತಿಗೆ ಎ.ಸಿ. ಮೆಕ್ಯಾನಿಕ್ ಆಗಿ ಬಂದವರು ಚಿಕ್ಕಪ್ಪ. ಆಗ ಇಲ್ಲಿ ಮನೆಗಳಿದ್ದವಂತೆ, ಎ.ಸಿ.ಗಳಿರಲಿಲ್ಲವಂತೆ. ಇದ್ದವೆಲ್ಲ ಕೆಟ್ಟು ಕೂತಿದ್ದವಂತೆ. ಅಂದಿನಿಂದ ಇಪ್ಪತ್ತೈದು ವರ್ಷ ಕಂಡವರ ತಾರಸಿಯ ಮೇಲೆ ಬೆಂದು, ಒಳಗಿದ್ದವರನ್ನು ತಂಪಾಗಿ ಇಟ್ಟರು. ಅವರಿಗೆ ಮಕ್ಕಳಿಲ್ಲ. ನಾನು ಅವರ ಅಣ್ಣನ ಮಗಳು. ಮದುವೆಯಾಗಿ ಇಲ್ಲಿಯ ಹವಲ್ಲಿಗೆ ಬಂದ ಮೇಲೆ ನಮ್ಮ ಮನೆಯ ನಾಲ್ಕು ಎ.ಸಿ.ಗಳ ಜೊತೆ ನಾನೂ ಅವರ ಮಗಳಾದೆ. ಐವರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಕೇಳುವ ಧೈರ್ಯ ಮಾತ್ರ ಮಾಡಿಲ್ಲ.

ಅವರ ಸ್ವಂತ ಮನೆಯ ಎ.ಸಿ. ಹಗಲೂ ರಾತ್ರಿ ಹದಿನೆಂಟು ಡಿಗ್ರಿಯಲ್ಲೇ ಇರಬೇಕು. ಅದು ಆ ಮನೆಯ ಕಾನೂನು. ಹೊರಗೆ ಹಕ್ಕಿ ಸುಟ್ಟು ಬೀಳುವ ಜೂನ್ ತಿಂಗಳಲ್ಲಿ ನಮ್ಮ ಚಿಕ್ಕಮ್ಮ ಮೆರೂನ್ ಬಣ್ಣದ ಸ್ವೆಟರ್, ಕಾಲುಚೀಲ, ಮಂಕಿ ಕ್ಯಾಪ್ ಹಾಕಿಕೊಂಡು ಒಗ್ಗರಣೆ ಹಾಕುತ್ತಿದ್ದರು! ಆ ಮನೆಯಲ್ಲಿ ದೋಸೆ ಹಿಟ್ಟು ಹುದುಗುತ್ತಿರಲಿಲ್ಲ. ಬಾಲ್ಕನಿಯಲ್ಲಿ ಇಟ್ಟರೆ ಕಾಲು ಗಂಟೆಯಲ್ಲಿ ಉಕ್ಕಿ ಕೆಳಮನೆಯವರ ಬಟ್ಟೆಯ ಮೇಲೆ ಇಳಿಯುತ್ತಿತ್ತು. ಎರಡರ ಮಧ್ಯೆ ಮನುಷ್ಯರು ಬಾಳುವಂಥ ಹವೆ ಆ ಮನೆಯಲ್ಲಿ ಎಲ್ಲೂ ಇರಲಿಲ್ಲ.

"ಚಳಿ ಆಗ್ತಿದೆ ಕಣ್ರೀ, ಸ್ವಲ್ಪ ಕಮ್ಮಿ ಮಾಡಿ" ಎಂದು ಚಿಕ್ಕಮ್ಮ ದಿನಕ್ಕೆ ಹತ್ತು ಸಲ ಗೋಗರೆಯುತ್ತಿದ್ದರು. ಚಿಕ್ಕಪ್ಪ ಕಮ್ಮಿ ಮಾಡುತ್ತಿದ್ದರೇ? ಛೆ! ಯಾರೋ ಹಾರ ಹಾಕಿದವರಂತೆ ಎದೆಯುಬ್ಬಿಸಿ ನನ್ನ ಕಡೆ ತಿರುಗುತ್ತಿದ್ದರು. "ನೋಡ್ದೇನೇ? ಹೊರಗೆ ನಲವತ್ತೆಂಟು! ಇವಳು ಚಳಿ ಅಂತಾಳೆ!"

ಹೀಗಿದ್ದವರಿಗೆ ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಕಂಪನಿಯವರು, ವಯಸ್ಸಾಯಿತು, ಇನ್ನು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಂದುವರಿಸುವುದಿಲ್ಲ, ಖಲಾಸ್ ಅಂದರು. ಜೂನ್ ಕೊನೆಗೆ ದೇಶ ಬಿಡಬೇಕು. ಹೋಗುವುದಾದರೂ ಎಲ್ಲಿಗೆ? ಹಾಸನಕ್ಕೆ. ಹಾಸನದ ಹವೆಗೆ ಎ.ಸಿ. ಯಾರು ಹಾಕಿಸುತ್ತಾರೆ ಹೇಳಿ! ಅಲ್ಲಿ ಫ್ಯಾನು ತಿರುಗುವುದೇ ನೆಂಟರು ಬಂದಾಗ. ಆ ಮಾತನ್ನು ಹಾಸ್ಯಕ್ಕೆಂದು ನಾನೇ ಆಡಿದೆ. ಚಿಕ್ಕಪ್ಪ ನಗಲಿಲ್ಲ. ಈಗಲೂ ನೆನೆಸಿಕೊಂಡರೆ ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸುತ್ತದೆ.

ಅದಾದ ವಾರಕ್ಕೆ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ನೋಡುತ್ತೇನೆ, ಮೈಮೇಲೆ ಸ್ವೆಟರ್ ಇಲ್ಲ!

"ನಿಮ್ಮ ಚಿಕ್ಕಪ್ಪ ಮಾತೇ ಆಡ್ತಿಲ್ಲ ಕಣೇ. ಗೋಡೆ ನೋಡ್ಕೊಂಡು ಕೂತಿರ್ತಾರೆ. ಎ.ಸಿ. ಮೊನ್ನೆಯಿಂದ ಇಪ್ಪತ್ತಾರಲ್ಲಿದೆ" ಅಂದರು. "ಹಿತವಾಗಿದೆ. ಆದ್ರೆ ನಂಗೆ ಭಯ ಆಗುತ್ತೆ. ಹೀಗೇ ಹಾಸನಕ್ಕೆ ಕರ್ಕೊಂಡು ಹೋದ್ರೆ ಆ ಮನುಷ್ಯ ಉಳಿಯೋದಿಲ್ಲ."

ಚಿಕ್ಕಮ್ಮನ ಮನಸ್ಸಿಗೆ ಹೊಳೆದ ಮದ್ದು ಪ್ರವಾಸ. ಇಪ್ಪತ್ತೈದು ವರ್ಷದಲ್ಲಿ ವಿಮಾನ ನಿಲ್ದಾಣ ಬಿಟ್ಟು ಬೇರೆ ಯಾವ ಬಾಗಿಲಿಂದಲೂ ಅವರು ಕುವೈತಿನ ಆಚೆ ಹೋದವರಲ್ಲ. ಸೌದಿಯ ಹೊಫುಫ್ ಊರು, ಅಲ್ಲಿಯ ಹಳೇ ಕೋಟೆ, ಪಕ್ಕದ ಗುಡ್ಡದ ಗುಹೆ, ಇಷ್ಟನ್ನು ಒಂದೇ ದಿನದಲ್ಲಿ ತೋರಿಸಿ ವಾಪಸು ತರುವ ಬಸ್ಸೊಂದಿತ್ತು. ಹೋಗುವುದಕ್ಕೆ ಏಳು ಗಂಟೆ, ಬರುವುದಕ್ಕೆ ಏಳು ಗಂಟೆ, ನೋಡುವುದಕ್ಕೆ ಐದು. ಬುದ್ಧಿಯಿದ್ದವರು ಮಾಡುವ ಕೆಲಸವೇ? ಆದರೂ ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು ಎಲ್ಲರೂ ಹೊರಟೆವು. ಆಗ ಸೌದಿ ವೀಸಾ ಸಿಗಬೇಕಾದರೆ ಇಕಾಮಾದಲ್ಲಿ ದೊಡ್ಡ ಹುದ್ದೆ ಇರಬೇಕಿತ್ತು. ಚಿಕ್ಕಪ್ಪನದರಲ್ಲಿ ಯಾವ ಕಾಲದಲ್ಲೋ ಯಾವ ಪುಣ್ಯಾತ್ಮನೋ 'ಮ್ಯಾನೇಜರ್' ಎಂದು ಬರೆಸಿದ್ದ. ಅವರು ಹೆಂಡತಿಯನ್ನೂ ಮ್ಯಾನೇಜ್ ಮಾಡಿದ್ದನ್ನು ನಾನು ಕಂಡಿಲ್ಲ.

ಬೆಳಗಿನ ಜಾವಕ್ಕೆ ಬಸ್ಸು ಹೊರಟಿತು. ಎಲ್ಲರೂ ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಂಡು ಬಂದಿದ್ದರೆ ಚಿಕ್ಕಪ್ಪ ಟೂಲ್ ಬ್ಯಾಗ್ ತಂದಿದ್ದರು! ಚಿಕ್ಕಮ್ಮನ ಚೀಲದಲ್ಲಿ ಸ್ವೆಟರ್ ಇತ್ತು. ಕೇಳಿದ್ದಕ್ಕೆ "ಅಭ್ಯಾಸ ಕಣೇ" ಅಂದರು. ಗಡಿಯಲ್ಲಿ ಕಸ್ಟಮ್ಸಿನವನು ಬ್ಯಾಗ್ ಬಿಚ್ಚಿಸಿದ. ಒಳಗಿನಿಂದ ಕೆಂಪು ನೀಲಿ ರಬ್ಬರ್ ಪೈಪುಗಳ ಮೀಟರು, ಸ್ಪಾನರುಗಳು, ಒಂದು ಗ್ಯಾಸ್ ಡಬ್ಬಿ ಒಂದೊಂದಾಗಿ ಹೊರಬಂದವು. ಅವನು ಮ್ಯಾನೇಜರ್ ಸಾಹೇಬರ ಕಪ್ಪು ಉಗುರುಗಳನ್ನು ನೋಡಿದ, ಇಕಾಮಾ ನೋಡಿದ, ಮತ್ತೆ ಉಗುರು ನೋಡಿದ.

"ಇದೇನು?"

ಚಿಕ್ಕಪ್ಪ ಅವನ ತಲೆಯ ಮೇಲೆ ಗರಗರ ಅನ್ನುತ್ತಿದ್ದ ಎ.ಸಿ.ಯ ಕಡೆ ಬೆರಳು ತೋರಿಸಿದರು. ಅವನು ನಕ್ಕುಬಿಟ್ಟ. ಗ್ಯಾಸ್ ಡಬ್ಬಿಯನ್ನು ತೆಗೆದಿಟ್ಟುಕೊಂಡು, ಮಿಕ್ಕದ್ದನ್ನು ಕೊಟ್ಟು, "ಯಲ್ಲಾ" ಎಂದು ಕೈ ಬೀಸಿದ. ನಾನು ಚಿಕ್ಕಮ್ಮನ ಮುಖ ನೋಡಿದೆ. ಚಿಕ್ಕಪ್ಪ ಎ.ಸಿ.ಯ ಕಡೆ ಬೆರಳು ತೋರಿಸಿದ್ದಕ್ಕೇ ಅವರಿಗೆ ಅರ್ಧ ಜೀವ ಬಂದಿತ್ತು.

ಹೊಫುಫ್ ತಲುಪಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಗೈಡ್ ಒಬ್ಬ ಹೈದರಾಬಾದಿ ಭಾಯಿ. ಮೈಕು ಹಿಡಿದು "ಬೀಸ್ ಮಿನಟ್, ಚಲೋ ಚಲೋ" ಎಂದು ನಮ್ಮನ್ನು ಪೇಟೆಗೆ ಅಟ್ಟಿದ. ಆ ಊರಿನ ಹೆಸರುವಾಸಿ ಖರ್ಜೂರದ ಹೆಸರೇ ಖಲಾಸ್ ಎಂದು ಯಾರಿಗೆ ಗೊತ್ತಿತ್ತು? ಅಂಗಡಿ ಅಂಗಡಿಯಲ್ಲೂ ಚಿಕ್ಕಪ್ಪನ ಮುಖಕ್ಕೆ ಪೆಟ್ಟಿಗೆ ಹಿಡಿದು "ಖಲಾಸ್! ಖಲಾಸ್!" ಎಂದು ಕೂಗುವವರೇ. "ಇದನ್ನ ಕೇಳೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ಚಿಕ್ಕಪ್ಪ ಬಸ್ಸಿನ ಕಡೆ ನಡೆದೇಬಿಟ್ಟರು. ಚಿಕ್ಕಮ್ಮ ಮಾತ್ರ ಒಂದು ಪೆಟ್ಟಿಗೆ ಕೊಂಡರು.

ಕೋಟೆಯಲ್ಲಿ ಇನ್ನೂ ಬೇಸರವಾಯಿತು. ಯಾವ ಕೋಣೆಗೆ ಕಾಲಿಟ್ಟರೂ ಇದಕ್ಕೆ ಎಷ್ಟು ಟನ್ ಎ.ಸಿ. ಬೇಕು ಎಂದು ಅಳೆಯುವುದು ಚಿಕ್ಕಪ್ಪನ ಚಾಳಿ. ಮದುವೆಯ ಮಂಟಪದಲ್ಲಿ, ಆಸ್ಪತ್ರೆಯಲ್ಲಿ, ನನ್ನ ಹೆರಿಗೆ ವಾರ್ಡಿನಲ್ಲಿ ಕೂಡ ಅಳೆದಿದ್ದಾರೆ. ಇಲ್ಲಿ ಮಾರುದ್ದ ದಪ್ಪದ ಮಣ್ಣಿನ ಗೋಡೆಗಳು, ಬಿಳೀ ಗುಮ್ಮಟ, ತುರ್ಕರ ಕಾಲದ ಸೈನಿಕರು ಮಲಗುತ್ತಿದ್ದ ಉದ್ದನೆಯ ಕೋಣೆಗಳು. ನನ್ನ ಮಗಳಿಗೆ ನಾವು ಆಡುವ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳೇ ಕೇಳಿದಳು. "ತಾತ, ಹೌ ಮೆನಿ ಟನ್ಸ್?"

"ಬಿಡು ಪುಟ್ಟಿ. ಅದೆಲ್ಲ ಈಗ ಯಾರಿಗೆ ಬೇಕು?"

ಚಿಕ್ಕಮ್ಮ, ಸೌದಿಯಲ್ಲಿ ಹೆಂಗಸರೆಲ್ಲ ತೊಡಲೇಬೇಕಾಗಿದ್ದ ಕಪ್ಪು ನಿಲುವಂಗಿ ಅಬಾಯಾದ ತುದಿಯಿಂದ ಮುಖ ಒರೆಸಿಕೊಂಡರು. ಬೆವರೋ ಕಣ್ಣೀರೋ, ನಾನು ಕೆದಕಲಿಲ್ಲ.

ಆಮೇಲೆ ಗುಹೆ. ಖರ್ಜೂರದ ತೋಟಗಳ ನಡುವೆ ಬೋಳು ಗುಡ್ಡ, ಅದರಲ್ಲೊಂದು ಸೀಳು. ಹೊರಗೆ ನಲವತ್ತನಾಲ್ಕು ಡಿಗ್ರಿ. ನಾಲ್ಕು ಹೆಜ್ಜೆ ಒಳಗಿಟ್ಟೆವೋ ಇಲ್ಲವೋ, ಅಬ್ಬಬ್ಬಾ, ಮೈಗೆ ತಣ್ಣೀರು ಸುರಿದಂತಾಯಿತು! ಎಲ್ಲರೂ ಆಹಾ ಅಂದರು. ಚಿಕ್ಕಪ್ಪ ಒಬ್ಬರು ಮಾತ್ರ ಹುಬ್ಬು ಗಂಟಿಕ್ಕಿ ನಿಂತರು. ಜೇಬಿನಿಂದ ಥರ್ಮಾಮೀಟರ್ ತೆಗೆದರು. ಇಪ್ಪತ್ತೊಂದು!

"ಭಾಯಿ, ಔಟ್‌ಡೋರ್ ಯೂನಿಟ್ ಕಹಾ ಹೈ?"

ಗೈಡಿಗೆ ಅರ್ಥವಾಗಲಿಲ್ಲ. ಚಿಕ್ಕಪ್ಪ ಬಿಡಬೇಕಲ್ಲ! ಬಂಡೆಗೆ ಕಿವಿಯಿಟ್ಟರು. ಸಂದಿಯಲ್ಲಿ ಕೈ ತೂರಿಸಿದರು. ಎಲ್ಲೋ ಪೈಪು ಬಚ್ಚಿಟ್ಟಿದ್ದಾರೆ, ಟೂರಿಸ್ಟರನ್ನು ಮಂಗ ಮಾಡುತ್ತಿದ್ದಾರೆ ಎಂದು ಗೊಣಗುತ್ತ ಒಂದು ಇಕ್ಕಟ್ಟಿನಲ್ಲಿ ಹೊಟ್ಟೆಯವರೆಗೆ ನುಗ್ಗಿ ಸಿಕ್ಕಿಹಾಕಿಕೊಂಡರು. ನಮ್ಮ ಯಜಮಾನರು, ಗೈಡ್ ಇಬ್ಬರೂ ಸೇರಿ ಸೊಂಟ ಹಿಡಿದು ಎಳೆದು ಹೊರತೆಗೆದರು. ಗೈಡ್ ಏದುಸಿರು ಬಿಡುತ್ತ ಹೇಳಿದ. "ಸಾಬ್, ಯೇ ಅಲ್ಲಾಹ್ ಕಾ ಎ.ಸಿ. ಹೈ. ಕರೆಂಟ್ ನಹೀ, ಸರ್ವಿಸ್ ನಹೀ."

"ತಾತ, ಇಟ್ಸ್ ಬೆಟರ್ ದ್ಯಾನ್ ಯುವರ್ ಎ.ಸಿ.!" ಅಂದಳು ನನ್ನ ಮಗಳು. ಅವಳ ತೊಡೆ ಚಿವುಟಿದೆ, ಆದರೆ ಮಾತು ಹೊರಬಿದ್ದಾಗಿತ್ತು.

ಚಿಕ್ಕಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ಚಿಕ್ಕಮ್ಮನನ್ನು ಕೇಳಿದರು. "ಚಳಿ ಆಗ್ತಿದೆಯೇನೇ?"

"ಇಲ್ಲಪ್ಪ. ಹಿತವಾಗಿದೆ."

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು, ಪಾಪ. ಚಿಕ್ಕಪ್ಪ ಬಹಳ ಹೊತ್ತು ಆ ಬಂಡೆಯನ್ನೇ ಸವರುತ್ತಿದ್ದರು. "ನೋಡು, ಇದಕ್ಕೆ ಯಾರೂ ಬೇಕಾಗಿಲ್ಲ. ನಾನು ಇಪ್ಪತ್ತೈದು ವರ್ಷ ನಿನ್ನ ಸುಮ್ಮನೆ ನಡುಗಿಸಿದೆ" ಅಂದರು. ಇಂಥ ಕಡೆ ಯಾಕಾದರೂ ಕರೆದುಕೊಂಡು ಬಂದೆವೋ ಎಂದು ನನಗೆ ನಮ್ಮ ಮೇಲೆಯೇ ಸಿಟ್ಟು ಬಂತು. ಅವರಿಗೆ ಮದ್ದು ಕೊಡಿಸಲು ಬಂದು ವಿಷ ಕುಡಿಸಿದ ಹಾಗಾಗಿತ್ತು.

ವಾಪಸು ಹೊರಟು ಒಂದು ಗಂಟೆಯಾಗಿರಬಹುದು. ಸುತ್ತ ಮರಳು ಬಿಟ್ಟರೆ ಏನೂ ಇಲ್ಲದ ಕಡೆ, ಸಂಜೆ ನಾಲ್ಕರ ಉರಿಬಿಸಿಲಿನಲ್ಲಿ, ಬಸ್ಸಿನ ಎ.ಸಿ. ನಿಂತುಹೋಯಿತು! ಕಿಟಕಿಗಳು ತೆರೆಯುವಂಥವಲ್ಲ. ಎಲ್ಲ ತಲೆಗಳೂ ಒಟ್ಟಿಗೆ ಚಿಕ್ಕಪ್ಪನ ಕಡೆ ತಿರುಗಿದವು. ದೇವರೇ, ಇದೊಂದು ಸಲ ಸರಿಹೋಗಲಿ, ಈ ಮನುಷ್ಯ ತಲೆಯೆತ್ತಿ ಹಾಸನಕ್ಕೆ ಹೋಗಲಿ ಎಂದು ಬೇಡಿಕೊಂಡೆ. ಚಿಕ್ಕಪ್ಪ ಟೂಲ್ ಬ್ಯಾಗ್ ಹಿಡಿದು, ತೋಳು ಮಡಚಿ, ಡ್ರೈವರ್ ಜೊತೆ ಕೆಳಗಿಳಿದರು. ನಾವೆಲ್ಲ ಇಳಿದು ಬಸ್ಸಿನ ನೆರಳಿನಲ್ಲಿ ನಿಂತೆವು. ಅರ್ಧ ಗಂಟೆ ಸ್ಪಾನರ್ ಸದ್ದು. ಕೊನೆಗೆ ಬೆವರಿನಲ್ಲಿ ತೊಯ್ದು, ಮೈಯೆಲ್ಲ ಗ್ರೀಸು ಬಳಿದುಕೊಂಡು ಎದ್ದು ಬಂದರು.

"ಪೈಪ್ ಒಡೆದಿದೆ. ಗ್ಯಾಸೆಲ್ಲ ಹೋಗಿದೆ. ಆ ಡಬ್ಬಿ ಇದ್ದಿದ್ರೂ ಮೂಗಿಗೆ ಸಾಲ್ತಿರಲಿಲ್ಲ. ಖಲಾಸ್."

"ಏನ್ ಸಾರ್, ನೀವಿದ್ದೂ ಹೀಗಾ?" ಎಂದು ಹಿಂದಿನ ಸೀಟಿನವರೊಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ.

ಮುಂದಿನ ಬಾಗಿಲು ತೆರೆದಿಟ್ಟುಕೊಂಡು ಬಸ್ಸು ನಿಧಾನವಾಗಿ ಹೊರಟಿತು. ಒಳಗೆ ಒಲೆಯ ಮೇಲೆ ಕೂತ ಹಾಗಿತ್ತು. ಅಬಾಯಾದೊಳಗೆ ಚಿಕ್ಕಮ್ಮನ ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಚಿಕ್ಕಪ್ಪ ಅದನ್ನು ನೋಡಿದರು. ಆಮೇಲೆ ಖರ್ಜೂರದ ಪೆಟ್ಟಿಗೆಯ ರಟ್ಟಿನ ಮುಚ್ಚಳ ಕಿತ್ತು, ಹೆಂಡತಿಗೆ ಗಾಳಿ ಬೀಸತೊಡಗಿದರು. ಬೀಸಣಿಗೆ ಹಿಡಿದವರನ್ನು ಕಂಡರೆ "ಯಾವ ಕಾಲದವರಪ್ಪಾ" ಎಂದು ನಗುತ್ತಿದ್ದ ನಮ್ಮ ಚಿಕ್ಕಪ್ಪ! ಕೈ ಸೋತರೆ ಇನ್ನೊಂದು ಕೈ. ಅದು ಸೋತರೆ ಮತ್ತೆ ಮೊದಲಿನದು. ಬೀಸುತ್ತಿದ್ದ ಗಾಳಿಯೂ ಬಿಸಿಯೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಚಿಕ್ಕಮ್ಮ ಕಣ್ಣು ಮುಚ್ಚಿ ಕೂತಿದ್ದರು. ಒಂದಿಷ್ಟು ದೂರ ಹೋದ ಮೇಲೆ ಕಣ್ಣು ಬಿಟ್ಟು, ಕಾಲ ಬಳಿಯ ಚೀಲಕ್ಕೆ ಕೈ ಹಾಕಿ, ಆ ಮೆರೂನ್ ಸ್ವೆಟರ್ ಹೊರಗೆಳೆದರು. ಅದನ್ನು ಕೊಡವಿ ಹೆಗಲ ಮೇಲೆ ಹೊದ್ದುಕೊಂಡರು. ಇಡೀ ಬಸ್ಸು ಬಾಯಿ ಬಿಟ್ಟುಕೊಂಡು ನೋಡಿತು. ನನ್ನ ಮಗಳು "ಅಮ್ಮಾ, ಅಜ್ಜಿ..." ಎಂದು ನನ್ನ ಕೈ ಹಿಡಿದಳು.

"ಚಳಿ ಆಗ್ತಿದೆ ಕಣ್ರೀ" ಅಂದರು ಚಿಕ್ಕಮ್ಮ, ಬೆವರು ಸುರಿಯುವ ಮುಖದಲ್ಲಿ. "ಸ್ವಲ್ಪ ಕಮ್ಮಿ ಮಾಡಿ."

ಚಿಕ್ಕಪ್ಪನ ಕೈ ನಿಂತಿತು. ಹೆಂಡತಿಯನ್ನು ನೋಡಿದರು, ಸ್ವೆಟರ್ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ನೋಡ್ದೇನೇ?" ಅಂದರು. "ಹೊರಗೆ ನಲವತ್ತನಾಲ್ಕು. ಇವಳು ಚಳಿ ಅಂತಾಳೆ."

ಮತ್ತೆ ಮುಚ್ಚಳ ಎತ್ತಿಕೊಂಡು, ಸ್ವಲ್ಪ ಮೆಲ್ಲಗೆ ಬೀಸತೊಡಗಿದರು.