ಮೊಸರು ಹೊತ್ತ ಸ್ಪೋರ್ಟ್ಸ್ ಕಾರು

ಬೆಳಿಗ್ಗೆ ಎದ್ದು ನೀರು ತುಂಬಿಸಿದೆ. ಹಾಲು ತಂದೆ. ಇಸ್ತ್ರಿಗೆ ಕೊಟ್ಟ ಅಂಗಿಗಳನ್ನು ತಂದೆ. ಅದರಲ್ಲೊಂದು ಪಕ್ಕದ ಮನೆಯವರದಾಗಿತ್ತು, ಕೊಟ್ಟು ಬಂದೆ. ಶೇಂಗಾ ಚಟ್ನಿ ಕುಟ್ಟಲು ಕುಳಿತೆ, ಕುಟ್ಟಿದ್ದು ಸರಿಯಿಲ್ಲವೆಂದು ಹೆಂಡತಿ ಎಬ್ಬಿಸಿದಳು. ಕಾರು ಒರೆಸಿದೆ. ಆ ದಿನದ ನನ್ನ ಸಾಮರ್ಥ್ಯ ಅಲ್ಲಿಗೇ ಮುಗಿದಿತ್ತು. ನನಗೆ ಮಾತ್ರ ತಿಳಿದಿರಲಿಲ್ಲ.

ಅಂದು ಹರಿಹರಕ್ಕೆ ಬಯಕೆ ಬುತ್ತಿ ಒಯ್ಯಬೇಕಿತ್ತು. ಮಗಳು ಸುಮಾಳನ್ನು ಅಲ್ಲಿಗೆ ಕೊಟ್ಟಿದ್ದೇವೆ, ಈಗ ಬಸುರಿ. ಬಸುರಿ ಬಯಸಿದ್ದನ್ನು ತವರಿನವರು ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಅವಳು ಬಯಸಿದ್ದು ಅವರಮ್ಮ ಹೆಪ್ಪು ಹಾಕಿದ ಕೆನೆ ಮೊಸರು, ಚಮಚ ನೆಟ್ಟರೆ ನಿಲ್ಲುವಂಥದ್ದು. ನನ್ನ ಹೆಂಡತಿ ಗಿರಿಜಾ ಎರಡು ಗಡಿಗೆ ಮಾಡಿದ್ದಳು. ಒಂದು ಮಗಳಿಗೆ, ಇನ್ನೊಂದು ಬೀಗರಿಗೆ.

ನನ್ನ ಕಾರಿನ ವಿಷಯ ಹೇಳಬೇಕು. ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವ, ಹಳೆಯ ಸ್ಪೋರ್ಟ್ಸ್ ಕಾರು. ನಮ್ಮೂರಂಚಿನ ಕರೂರಿನಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪಿದೆ. ಸಿಗದ ಬಿಡಿಭಾಗಗಳನ್ನೆಲ್ಲ ಅಲ್ಲೇ ತಿರುವಿಕೊಂಡು ಅದನ್ನು ಬದುಕಿಸಿದ್ದೇನೆ. ಎ.ಸಿ. ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಆದರೆ ಚಕ್ರದ ಕೆಳಗೆ ಹುಣಸೆ ಬೀಜ ಬಂದರೂ ಅಂಗೈಗೆ ವರದಿ ಬರುತ್ತದೆ.

"ಇದು ನೆಲದ ಜತಿ ಮಾತಾಡ್ತೈತೆ ಕಣೇ," ಎನ್ನುವುದು ನನ್ನ ಮಾತು.

"ನೆಲ ನಿಮ್ ಜತಿ ಮಾತಾಡ್ತೈತೆ, ರಾತ್ರಿ ನಿಮ್ ಸೊಂಟ ನನ್ ಜತಿ ಮಾತಾಡ್ತೈತೆ. ಮಾರ್ರಿ ಅತ್ಲಾಗ," ಎನ್ನುವುದು ಗಿರಿಜಾಳ ಉತ್ತರ.

ಅಂದು ಅವಳ ತಮ್ಮ ಪ್ರಕಾಶ ಕರೆಂಟಿನಲ್ಲಿ ಓಡುವ ಹೊಸ ಸ್ಪೋರ್ಟ್ಸ್ ಕಾರು ತಂದಿದ್ದ. ನಮ್ಮ ವಿನೋಬನಗರದ ಓಣಿಗೆ ಅದು ಬಂದದ್ದು ನಾಯಿಗಳಿಗೂ ಗೊತ್ತಾಗಲಿಲ್ಲ. ಅದನ್ನು ಸ್ವಲ್ಪ ಮುಂದೆ ನಿಲ್ಲಿಸಲು ನಾನೇ ಕುಳಿತು ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಸದ್ದಿಲ್ಲ.

ಪ್ರಕಾಶ ಕಿಟಕಿಗೆ ಬಗ್ಗಿ, "ಭಾವಾ, ಅದು ಮೊದ್ಲೇ ಚಾಲೂ ಆಗಿತ್ತು. ನೀವೇ ಆಫ್ ಮಾಡ್ತಾ ಕೂತೀರಿ," ಎಂದ.

"ಜೀವ ಐತೋ ಇಲ್ಲೋ ಗೊತ್ತಾಗದೇ ಇದ್ರೆ ಅದೆಂಥಾ ಕಾರಪ್ಪಾ?" ಎಂದೆ. ಮಾತು ಬೆಳೆಯಿತು. ಕೊನೆಗೆ ಗಿರಿಜಾ ತೀರ್ಪು ಕೊಟ್ಟಳು.

"ಒಂದೊಂದು ಕಾರಿನಾಗೆ ಒಂದೊಂದು ಗಡಿಗೆ ಹೋಗ್ಲಿ. ನಿಮ್ ಗಡಿಗೆ ಮೊಸರು ಒಡೀದಂಗೆ ಮುಟ್ಟಿದ್ರೆ ನಿಮ್ ಕಾರು ಇರ್ಲಿ. ಒಡೆದ್ರೆ ನಾಳೆನೇ ಗಿರಾಕಿ ಕರೀರಿ."

"ಆಗ್ಲಿ," ಎಂದೆ. ನನ್ನ ಮೇಲಿನ ವಿಶ್ವಾಸದಿಂದ ಅವಳು ತಮ್ಮನ ಕಾರಿನಲ್ಲಿ ಕುಳಿತಳು.

ನಾನು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿದೆ. ಹೈವೇಯಲ್ಲಿ ಲಾರಿಗಳ ಗಾಳಿಗೆ ಮೊಸರು ಬೆದರೀತೆಂದು ಹಳೆಯ ರಸ್ತೆ ಹಿಡಿದೆ. ಮೊದಲ ತಪ್ಪು. ಮೊಸರಿನ ಗೌರವಕ್ಕಾಗಿ ನಿಧಾನ ಹೊರಟೆ. ಎರಡನೆಯದು. ಓಡಲೆಂದೇ ಹುಟ್ಟಿದ ಎಂಜಿನ್ನು ನಿಧಾನಕ್ಕೆ ಹೋದರೆ ಚಳಿಜ್ವರ ಬಂದಂತೆ ನಡುಗುತ್ತದೆ. ಜೋರು ಬಿಟ್ಟರೆ ರಸ್ತೆಯ ವರದಿ. ಇಷ್ಟು ವರ್ಷ ನನ್ನ ಅಂಗೈಗೆ ಬರುತ್ತಿದ್ದ ಆ ವರದಿ ಅಂದು ಮೊಸರಿಗೂ ತಲುಪಿತು. ಗಡಿಗೆ ಗುಳುಕ್ ಗುಳುಕ್ ಎನ್ನತೊಡಗಿತು. ನಾನು ಹಾರ್ನ್ ಹೊಡೆದು ಅದನ್ನು ಮುಚ್ಚಿಹಾಕಿದೆ.

ಹರಿಹರ ಇನ್ನೇನು ಬಂತು, ಹೈವೇಯಿಂದ ಬರುವ ದಾರಿಯೂ ಕೂಡಿತು ಎನ್ನುವಾಗ ರಸ್ತೆಗಡ್ಡ ಒಂದು ಹಂಪು. ಮುಂದಿನ ಚಕ್ರಗಳು ಆಚೆ, ಹಿಂದಿನವು ಈಚೆ, ಹೊಟ್ಟೆ ಹಂಪಿನ ಮೇಲೆ. ಚಹಾದಂಗಡಿಯಿಂದ ಜನ ಎದ್ದು ಬಂದರು.

"ಏನ್ಸಾರ್, ಕಾವಿಗೆ ಕುಂತೈತಾ?" ಎಂದನೊಬ್ಬ.

"ಒಳಗೆ ಮೊಸರೈತ್ರಪ್ಪಾ, ಮೆಲ್ಲಗೆ ಎತ್ರಿ."

ಅವರು ಮೆಲ್ಲಗೇ ಎತ್ತಿದರು. ಇಳಿಸುವಾಗ ಮಾತ್ರ ಕೈಬಿಟ್ಟರು. ಅದೇ ಹೊತ್ತಿಗೆ, ಹೂವು ಕೊಳ್ಳಲು ನಿಂತು ತಡವಾಗಿದ್ದ ಪ್ರಕಾಶನ ಕಾರು ಬಂತು. ಅವನು ಒಂದು ಗುಂಡಿ ಒತ್ತಿದ. ಕೆಸರು ದಾಟುವ ಹೆಂಗಸು ನೆರಿಗೆ ಎತ್ತಿಕೊಂಡಂತೆ ಕಾರು ಮೂಗು ಎತ್ತಿಕೊಂಡು ಹಂಪು ದಾಟಿ ಹೋಯಿತು. ಒಳಗೆ ಗಿರಿಜಾ, ಮಡಿಲಲ್ಲಿ ಗಡಿಗೆ ಇಟ್ಟುಕೊಂಡು, ನಿದ್ದೆ ಹೋಗಿದ್ದಳು.

ಬೀಗರ ಮನೆಯ ಪಡಸಾಲೆಯಲ್ಲಿ ಗಡಿಗೆಗಳ ಬಾಯಿ ಬಿಚ್ಚಿದರು. ಪ್ರಕಾಶ ತಂದ ಮೊಸರಿನ ಮೇಲೆ ಒಂದು ಗೆರೆಯಿಲ್ಲ. ಚಮಚ ಕಂಬದಂತೆ ನಿಂತಿತು. ನನ್ನ ಗಡಿಗೆಯಲ್ಲಿ ಚಮಚ ಮುಳುಗಿತು. ತಿಳಿ ಮಜ್ಜಿಗೆಯ ಮೇಲೆ ಹಳದಿ ಮುದ್ದೆಗಳು ತೇಲುತ್ತಿದ್ದವು.

"ಬೆಣ್ಣೆ ಬಂದೈತೆ," ಎಂದಳು ಗಿರಿಜಾ. ಆ ದನಿಯಲ್ಲಿ ನನ್ನ ಕಾರು ಆಗಲೇ ಮಾರಾಟವಾಗಿತ್ತು.

ಸುಮಾ ಬಂದು ಎರಡೂ ಗಡಿಗೆ ಇಣುಕಿದಳು. ಅಷ್ಟು ನಾಜೂಕಾಗಿ ಬಂದ ಮೊಸರನ್ನು ಪಕ್ಕಕ್ಕೆ ಸರಿಸಿ, ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ ತಿಂದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. "ಅಪ್ಪಾಜಿ, ಇಷ್ಟೇನಾ ಬೆಣ್ಣೆ?" ಎಂದಳು.

ನಾನು ಎದೆ ಉಬ್ಬಿಸಿದೆ. ಅದು ಬಹಳ ಹೊತ್ತು ಉಬ್ಬಿರಲಿಲ್ಲ. ಪ್ರಕಾಶನಿಂದ ಹಂಪಿನ ಕಥೆ ಕೇಳಿದ್ದ ಬೀಗಿತಿ ಒಳಗಿನಿಂದ ಮತ್ತೊಂದು ಗಡಿಗೆ ಹಿಡಿದು ಬಂದರು.

"ಬೀಗ್ರೇ, ತಪ್ಪು ತಿಳೀಬ್ಯಾಡ್ರಿ. ಇದು ನಮ್ಮನೆ ಮೊಸರು. ಎಲಿ ಹಾಕೋದ್ರಾಗೆ ಆ ಹಂಪಿನ ತನಕ ಹೋಗಿ ಬರ್ರಿ."

ಬೀಗರ ಮಾತು ಮೀರುವಂತಿಲ್ಲ. ಹೋಗಿ ಬಂದೆ. ಚಹಾದಂಗಡಿಯವರು ಈ ಸಲ ಕರೆಯದೇ ಎದ್ದು ಬಂದರು.

ಹೊರಡುವಾಗ ಗಿರಿಜಾ, "ಮಾರಬ್ಯಾಡ್ರಿ ಬಿಡ್ರಿ," ಎಂದಳು. "ಬಾಣಂತನಕ್ಕೆ ತುಪ್ಪ ಕಾಸ್ಬೇಕು. ಅಷ್ಟು ಬೆಣ್ಣೆ ಕಡಿಯೋಕೆ ನನ್ ಕೈಲಿ ಆಗಲ್ಲ."

ಹೀಗೆ ನನ್ನ ಸ್ಪೋರ್ಟ್ಸ್ ಕಾರು ಉಳಿಯಿತು, ಕಡಗೋಲಾಗಿ.

ರಾತ್ರಿ ಊಟಕ್ಕೆ ಬುತ್ತಿಯಲ್ಲಿ ಉಳಿದ ರೊಟ್ಟಿ, ಎಣ್ಣೆಗಾಯಿ, ನನ್ನ ಕಾರೇ ಕಡೆದ ಮಜ್ಜಿಗೆ. ಗಿರಿಜಾ ನನ್ನ ಸೊಂಟಕ್ಕೆ ಎಣ್ಣೆ ಹಚ್ಚುತ್ತ ಅರ್ಧಕ್ಕೇ ನಿದ್ದೆ ಹೋದಳು. ಉಳಿದರ್ಧ ನಾನೇ ಹಚ್ಚಿಕೊಳ್ಳೋಣವೆಂದುಕೊಂಡೆ. ಕೈ ಎಟುಕಲಿಲ್ಲ.