ರಾಜನ ಕಣ್ಣಿಗೆ ಎರಡು ಹನಿ

ನಾಟಕಕ್ಕೆಂದು ಹಾಕಿದ ರಜೆ ದಂಡವಾಗಬಾರದೆಂದು ಹಿರಿಯಣ್ಣನವರು ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋದದ್ದೇ ತಪ್ಪಾಯಿತು. ಸಂಜೆ ಚೆಂಬೂರಿನ ಕನ್ನಡಿಗರ ಸಂಘದ ನಾಟಕ. ಎಷ್ಟೋ ವರ್ಷ ಈಟಿ ಹಿಡಿದು ಬಾಗಿಲು ಕಾದವರಿಗೆ ಈ ಸಲ ಮೊದಲ ಬಾರಿಗೆ ರಾಜನ ಪಾತ್ರ ಸಿಕ್ಕಿತ್ತು.

ಡಾಕ್ಟರು ಹನಿ ಹಾಕಿ, ಲೈಟು ಬಿಟ್ಟು ನೋಡಿದರು. "ರೆಟಿನಾ ಚೆನ್ನಾಗಿದೆ. ಫಾರಿನ್‌ನಲ್ಲಿ ಈಗ ಏನೋ ಹುಡುಕ್ತಾ ಇದಾರೆ. ಅಲ್‌ಝೈಮರ್ ಅಂತ ಮರೆವಿನ ಕಾಯಿಲೆ ಇದೆಯಲ್ಲ, ಅದರ ಗುರುತು ಮೊದಲೇ ಕಣ್ಣಿನೊಳಗೆ ಸಿಗುತ್ತಾ ಅಂತ. ಇನ್ನೂ ಖಾತ್ರಿಯಿಲ್ಲ ಬಿಡಿ" ಎಂದರು.

ಹನಿಯ ದೆಸೆಯಿಂದ ಜಗತ್ತೆಲ್ಲ ಮಂಜುಮಂಜು. ಹಿರಿಯಣ್ಣ ಬಿಲ್ಡಿಂಗಿನ ಮೆಟ್ಟಿಲು ತಡವುತ್ತ ಹತ್ತಿ, ತೆರೆದ ಬಾಗಿಲಿನೊಳಗೆ ಹೋಗಿ, ಕುರ್ಚಿಯಲ್ಲಿ ಕೂತು, "ರಮಾ, ಕಾಫಿ ತಾರೇ" ಎಂದರು.

"ಅರೆ, ನಿಮ್ಮನೆ ಮೇಲಿರೋದಲ್ವೇನ್ರೀ?" ಎಂದಳು ಕೆಳಮನೆಯ ಪಂಕಜಾ.

"ಕಣ್ಣಿಗೆ ಹನಿ ಹಾಕಿದಾರಮ್ಮ" ಎಂದವರು ಅಲ್ಲಿಗೆ ಬಾಯಿ ಮುಚ್ಚಬಾರದೆ? ಫಾರಿನ್ ಸುದ್ದಿಯನ್ನೂ ಹೇಳಿದರು. ಪಂಕಜಾಳ ಗಂಡ ಶಾಮಣ್ಣ ಅದೇ ನಾಟಕದಲ್ಲಿ ಸೇನಾಪತಿ. ರಾಜನ ಪಾತ್ರ ಕೈತಪ್ಪಿತೆಂದು ತಿಂಗಳಿನಿಂದ ಮುಖ ಊದಿಸಿಕೊಂಡಿದ್ದವನು.

ಊಟದ ಹೊತ್ತಿಗೆ ಬಿಲ್ಡಿಂಗಿಗೆಲ್ಲ ಗೊತ್ತಾಗಿತ್ತು: ಹಿರಿಯಣ್ಣನವರ ಕಣ್ಣಲ್ಲಿ ಮರೆವಿನ ಕಾಯಿಲೆ ಸಿಕ್ಕಿದೆ. ಎದುರುಮನೆಯ ಗಂಗುಬಾಯಿ ಬಂದು, "ನನ್ನ ಹೆಸರೇನು, ಹೇಳಿ ನೋಡೋಣ" ಎಂದಳು. ಕಟ್ಟಿಕೊಂಡ ಹೆಂಡತಿ ರಮಾಮಣಿಯೇ, "ರೀ, ಗ್ಯಾಸ್ ಹತ್ರ ಹೋಗ್ಬೇಡಿ" ಎಂದಳು. ಹಿರಿಯಣ್ಣನ ಮೈ ಉರಿದುಹೋಯಿತು. ಯಾರಿಗೆ ತಾನೇ ಉರಿಯುವುದಿಲ್ಲ?

ಅಷ್ಟರಲ್ಲಿ ಸಂಘದ ಸೆಕ್ರೆಟರಿ ವೆಂಕಟಸುಬ್ಬಯ್ಯ ಶಾಮಣ್ಣನನ್ನು ಕರೆದುಕೊಂಡು ಬಂದರು. "ಬೇಜಾರು ಮಾಡ್ಕೋಬೇಡಿ. ಸ್ಟೇಜ್ ಮೇಲೆ ನೀವು ಮರೆತರೆ ಸಂಘದ ಮರ್ಯಾದೆ ಹೋಗುತ್ತೆ. ರಾಜನ ಪಾರ್ಟು ಶಾಮಣ್ಣ ಮಾಡ್ಲಿ."

"ಯಾವನಿಗ್ರೀ ಮರೆವು? ಕೂತ್ಕೊಳ್ಳಿ ಇಲ್ಲಿ."

ಹಿರಿಯಣ್ಣ ವರಾಂಡದಲ್ಲಿ ನಿಂತು ಮೊದಲ ಅಂಕದಿಂದ ಶುರುಮಾಡಿದರು. ರಾಜನ ಮಾತು, ಮಂತ್ರಿಯ ಮಾತು, ಶಾಮಣ್ಣ ದಿನಾ ತಪ್ಪುತ್ತಿದ್ದ ಸೇನಾಪತಿಯ ಮಾತು, ಯಾವುದನ್ನೂ ಬಿಡಲಿಲ್ಲ. ರಾಣಿಯ ಅಳುವನ್ನೂ ಅತ್ತರು. ಬಿಲ್ಡಿಂಗಿನ ಮರಾಠಿಯವರೂ ಬಾಗಿಲಿಗೆ ಬಂದು ನಿಂತರು. ಕೊನೆಯ ಮಂಗಳದವರೆಗೆ ಒಂದಕ್ಷರ ತಪ್ಪಲಿಲ್ಲ.

"ಈಗ ಹೇಳ್ರೀ, ಯಾರಿಗೆ ಕಾಯಿಲೆ?"

ವೆಂಕಟಸುಬ್ಬಯ್ಯ ಎದ್ದು ಅವರ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು, ಹಿರಿಯಣ್ಣೋರೆ. ಇಡೀ ನಾಟಕ ಬಾಯಿಪಾಠ ಇರೋರು ನಮ್ಮಲ್ಲಿ ನೀವೊಬ್ಬರೇ. ಇಂಥವರನ್ನ ರಾಜ ಮಾಡಿ ದಂಡ ಮಾಡ್ತಿದ್ವಲ್ಲ."

ಸಂಜೆ ಶಾಮಣ್ಣ ಸಿಂಹಾಸನದಲ್ಲಿ ಕೂತ. ಹಿರಿಯಣ್ಣ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಹಲ್ಲು ಕಚ್ಚಿಕೊಂಡು, ಅವನಿಗೆ ಒಂದೊಂದೇ ಮಾತು ಹೇಳಿಕೊಟ್ಟರು. ಕೊನೆಗೆ ಸಭಾಂಗಣದ ತುಂಬ ಚಪ್ಪಾಳೆ ಬಿತ್ತು. ಶಾಮಣ್ಣ ಕಕ್ಕಾಬಿಕ್ಕಿಯಾಗಿ ಪರದೆಯತ್ತ ತಿರುಗಿ ನೋಡಿದ.

"ಕೈ ಮುಗಿಯೋ" ಎಂದರು ಹಿರಿಯಣ್ಣ.